ಕಬ್ಬಿನ ಚಕ್ಕಡಿಗೆ ಅಗ್ಗದ ಕಾರು ಟೈರು

ಕಬ್ಬಿನ ಹಂಗಾಮು ಸಮೀಪಿಸಿದೊಡನೆ, ಅಗ್ಗವಾಗಿ ಸಿಕ್ಕುವ ಹಳೆಯ ಕಾರು ಟೈರನ್ನು ಚಕ್ಕಡಿಗೆ ಹಾಕಬಹುದೇ ಎಂಬ ವಿಚಾರವು ಕೃಷ್ಣಾತೀರದ ದಿಗ್ಗೇವಾಡಿಯಂತಹ ಊರುಗಳ ಒಕ್ಕಲಿಗರಿಗೆ ಬರುವುದು ಸಹಜವು. ಬೆಲೆಗಿಂತ ಮೊದಲು ನೋಡತಕ್ಕದ್ದು ಟೈರು ಹೊರಬಲ್ಲ ಭಾರವನ್ನು. ಟೈರಿನ ಪಕ್ಕೆಯಲ್ಲಿ ಅಳತೆಯ ತರುವಾಯ, ಒಂದು ಅಕ್ಷರದೊಡನೆ ಕೂಡಿದ ಸಂಖ್ಯೆಯಿರುತ್ತದೆ. ಅದು 82 ಆಗಿದ್ದರೆ ಆ ಟೈರಿನ ಮಿತಿ 475 ಕಿಲೋಗ್ರಾಂ. ಎರಡು ಗಾಲಿಯ ಚಕ್ಕಡಿಯಲ್ಲಿ ಎರಡು ಟನ್ನು ಕಬ್ಬು ಹೇರಿದರೆ, ಗಾಡಿಯ ತೂಕವನ್ನು ಬಿಟ್ಟರೂ, ಒಂದೊಂದು ಟೈರಿನ ಮೇಲೆ ಸುಮಾರು 1,000 ಕಿಲೋಗ್ರಾಂ ಬೀಳುವುದು. ಎತ್ತಿನ ನಡಿಗೆ ನಿಧಾನವಾದುದರಿಂದ ಸ್ವಲ್ಪ ಹೆಚ್ಚು ಹೊರಿಸಬಹುದೆಂಬುದು ನಿಜ. ಆದರೆ ಸವೆದ ಟೈರಿಗೆ ಇಮ್ಮಡಿ ಭಾರ ಹೊರಿಸುವುದು ಸರ್ವಥಾ ಯೋಗ್ಯವಲ್ಲ. ತುಂಬಿದ ಗಾಡಿಯ ಟೈರು ಒಡೆದರೆ ಗಾಡಿಯು ಒಂದು ಮಗ್ಗುಲಿಗೆ ವಾಲಿ, ನೊಗದಲ್ಲಿರುವ ಎತ್ತಿನ ಕೊರಳಿಗೂ ಹೊಡೆಯುವವನ ಪ್ರಾಣಕ್ಕೂ ಅಪಾಯವುಂಟು. ಕಡಿದ ಕಬ್ಬು ದಾರಿಯಲ್ಲಿ ಒಣಗಿ ತೂಕ ಕಳೆದುಕೊಳ್ಳುವ ನಷ್ಟವು ಬೇರೆ. ಎತ್ತಿನ ಗಾಡಿಗೆಂದೇ ತಯಾರಾದ ಟೈರುಗಳು ದೊರೆಯುತ್ತವೆ. ದುಬಾರಿಯಾದರೂ ಅವನ್ನೇ ಕೊಳ್ಳುವುದು ಲೇಸು.

ಮನೆಯ ಕಾರಿಗಾದರೆ ಅಗ್ಗದ ಹೊಸ ಟೈರು ವರ್ಜ್ಯವಲ್ಲ. ಅದರ ಮೇಲೆ ಐ.ಎಸ್.ಐ. ಮುದ್ರೆಯಿರತಕ್ಕದ್ದು. ತಯಾರಾದ ಕಾಲವನ್ನೂ ಪಕ್ಕೆಯ ನಾಲ್ಕು ಅಂಕೆಗಳಿಂದ ತಿಳಿಯಬಹುದು: 2319 ಎಂದರೆ 2019ರ 23ನೆಯ ವಾರ. ಕಪ್ಪು ಬಣ್ಣ ಸವರಿ ಹೊಳಪಿಸಿದ ಹಳೆಯ ಟೈರನ್ನು ಮಾತ್ರ, ಬಟ್ಟೆಯಿಂದ ಒರೆಸಿ ಬಿರುಕುಗಳನ್ನು ನೋಡುವ ತನಕ, ಬೆಲೆ ಕೇಳಲೂಬಾರದು.