ಎರಡಿಂಚು ಎತ್ತುವ ಕಸುಬು

ಪಿಕಪ್ಪನ್ನು ಎತ್ತಿಸಬೇಕೆಂದು ಬರುವವರು ಮೊದಲು ಕೇಳುವ ಮಾತು ಒಂದೇ: "ಎಷ್ಟು ಇಂಚು ಏರುತ್ತೆ?" ಸಕಲೇಶಪುರದ ಕಡೆಯ ಒಬ್ಬ ಮೇಸ್ತ್ರಿ ಇದಕ್ಕೆ ನೇರವಾಗಿ ಉತ್ತರ ಕೊಡುವವರಲ್ಲ. "ಗೌಡ್ರೇ, ಗಾಡೀಲಿ ದಿನಾ ಎಷ್ಟು ತೂಕ ಇರುತ್ತೆ? ಮುಂದೆ ಕಬ್ಬಿಣದ ಬಂಪರ್ ಹಾಕಿಸೋ ಯೋಚ್ನೆ ಏನಾದ್ರೂ ಇದ್ಯಾ? ವಿಂಚು?" ಎಂದು ತಾವೇ ಕೇಳುತ್ತಾರೆ. ಬಂದವರಿಗೆ ಇದು ಸುತ್ತುಬಳಸಿನ ಮಾತೆನಿಸಬಹುದು. ಆದರೆ ತೂಕ ತಿಳಿಯದೆ ಸ್ಪ್ರಿಂಗ್ ಆರಿಸುವ ಹಾಗಿಲ್ಲ. ವಿಂಚು ಹೊತ್ತ ಮೂತಿಗೆ ಬೇಕಾದ ಸ್ಪ್ರಿಂಗನ್ನು ಬರಿ ಮೂತಿಯ ಗಾಡಿಗೆ ಹಾಕಿದರೆ ಗುಂಡಿ ಸಿಕ್ಕಾಗಲೆಲ್ಲ ಅದು ಕುಪ್ಪಳಿಸುತ್ತದೆ. ಹಗುರ ಗಾಡಿಯ ಕಮಾನು ಪಟ್ಟಿಯ ಮೇಲೆ ವರ್ಷವಿಡೀ ಗೊಬ್ಬರ ಹೇರಿದರೆ ಎತ್ತಿಸಿದ ಎರಡಿಂಚು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಾಯ.

ಇಂಥ ಕೆಲಸಕ್ಕೆ ಬರುವ ಗಾಡಿಗಳಲ್ಲಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಒಂದು. ಆಂಧ್ರದ ಶ್ರೀ ಸಿಟಿಯಲ್ಲಿ ತಯಾರಾಗಿ 2016ರಲ್ಲಿ ಮಾರುಕಟ್ಟೆಗೆ ಬಂತು. 2022ರಲ್ಲಿ ಟೊಯೊಟಾ ಹೈಲಕ್ಸ್ ಬಂತು. ಜಪಾನಿನಲ್ಲಿ 1968ರಿಂದ ಇರುವ ಹೆಸರು ಅದು. ನಮ್ಮ ಕಣ್ಣಿಗೆ ಇವು ಭಾರೀ ಗಾಡಿಗಳು, ಅಮೆರಿಕದ ಲೆಕ್ಕದಲ್ಲಿ ಚಿಕ್ಕ ಪಿಕಪ್ಪುಗಳು. ಎರಡರ ಮೈಕಟ್ಟೂ ಹೆಚ್ಚುಕಡಿಮೆ ಒಂದೇ. ಕೆಳಗೆ ಏಣಿಯಂಥ ಛಾಸಿ. ಮುಂದಿನ ಎರಡು ಚಕ್ರಗಳಿಗೆ ಬೇರೆಬೇರೆ ತೋಳುಗಳು, ಸುರುಳಿ ಸ್ಪ್ರಿಂಗು. ಹಿಂದೆ ಎರಡು ಚಕ್ರಕ್ಕೂ ಸೇರಿ ಒಂದೇ ಹೌಸಿಂಗು, ಅದರ ಮೇಲೆ ಕಮಾನು ಪಟ್ಟಿ. ಆದ್ದರಿಂದ ಒಂದೇ ಗಾಡಿಯಲ್ಲಿ ಎರಡು ಬಗೆಯ ಕೆಲಸ ಕಲಿಯಬೇಕಾಗುತ್ತದೆ.

ಎತ್ತಿಸುವುದಾದರೂ ಯಾಕೆ? ಮಲೆನಾಡಿನ ತೋಟದ ದಾರಿ ನೋಡಿದವರಿಗೆ ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್ ಓಡಾಡಿ ಚಕ್ರದ ಜಾಡು ಎರಡೂ ಕಡೆ ಇಳಿದಿರುತ್ತದೆ, ನಡುವಿನ ದಿಣ್ಣೆ ಹಾಗೇ ಉಳಿದಿರುತ್ತದೆ. ಜೂನಿನಿಂದ ಸೆಪ್ಟೆಂಬರವರೆಗೆ ಆ ದಿಣ್ಣೆ ಗಾಡಿಯ ಹೊಟ್ಟೆ ಉಜ್ಜುತ್ತದೆ. ಹಳ್ಳಕ್ಕೆ ಇಳಿಯುವಾಗ ಬಂಪರು ಮಣ್ಣು ಕಚ್ಚುತ್ತದೆ, ಏರುವಾಗ ಹಿಂದಿನ ಕೊಕ್ಕೆ ತಾಗುತ್ತದೆ. ಗಾಡಿ ಎರಡಿಂಚು ಮೇಲೆದ್ದರೆ ಈ ಮೂರು ಕಡೆಯೂ ಅನುಕೂಲವಾಗುತ್ತದೆ ಎಂಬುದು ನಿಜ.

ಆದರೆ ಹೆಚ್ಚಿನವರಿಗೆ ಹೊಳೆಯದ ಸಂಗತಿಯೊಂದಿದೆ. ಗಾಡಿ ಎತ್ತಿಸಲು ಹಾಕುವ ಲಿಫ್ಟ್ ಕಿಟ್ ಏರಿಸುವುದು ಛಾಸಿಯನ್ನು, ಬಾಡಿಯನ್ನು. ಹಿಂದಿನ ಹೌಸಿಂಗ್ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ, ಕೂದಲೆಳೆಯಷ್ಟೂ ಏಳುವುದಿಲ್ಲ. ಅದು ಕೂತಿರುವುದು ಚಕ್ರದ ಮೇಲೆ. ಅದನ್ನು ಏರಿಸುವ ದಾರಿ ದೊಡ್ಡ ಟೈರ್ ಒಂದೇ. ಅಲ್ಲೂ ಟೈರಿನ ವ್ಯಾಸ ಎರಡಿಂಚು ಹೆಚ್ಚಿದರೆ ಡಿಫರೆನ್ಷಿಯಲ್ ಏರುವುದು ಒಂದೇ ಇಂಚು. ಹಾಗಾಗಿ ನಡುದಿಣ್ಣೆಗೆ ಆ ಉಂಡೆಯೇ ತಗಲುತ್ತಿದ್ದರೆ ಕಿಟ್ಟಿಗೆ ಸುರಿದ ದುಡ್ಡು ನೀರುಪಾಲು. ಇದನ್ನು ಮೊದಲೇ ಹೇಳುವ ಗ್ಯಾರೇಜು ಸಿಕ್ಕಿದರೆ ಬಿಡಬಾರದು.

ಮೊದಲು ಹಿಂಭಾಗದ ಕೆಲಸ. ಕಮಾನು ಪಟ್ಟಿ ನಮ್ಮಲ್ಲಿ ಲಾರಿ, ಜೀಪುಗಳ ಕಾಲದಿಂದ ಪಳಗಿದ ವಸ್ತು. ಹೆದ್ದಾರಿ ಬದಿಯ ಪಟ್ಟಿ ಅಂಗಡಿಗಳಲ್ಲಿ ಇವತ್ತಿಗೂ ಜೋತುಬಿದ್ದ ಸೆಟ್ಟನ್ನು ಬಿಚ್ಚಿ, ಒಂದೊಂದೇ ಪ್ಲೇಟನ್ನು ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಬಡಿದು ಬಾಗು ಏರಿಸುತ್ತಾರೆ. ಏಟು ಬೀಳುವುದು ತಣ್ಣಗಿನ ಉಕ್ಕಿಗೆ. ಗೇಣುದ್ದಕ್ಕೆ ನಾಲ್ಕಾರು ಏಟು, ಮತ್ತೆ ಒಂದು ಹೆಜ್ಜೆ ಮುಂದೆ. ಪಕ್ಕದ ಪ್ಲೇಟಿನ ಮೇಲಿಟ್ಟು ಬೆಳಕು ಎಲ್ಲಿ ಹಾಯುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ಏಟು. ಆತುರದವರು ಗ್ಯಾಸ್ ಕಟ್ಟರಿನ ಬೆಂಕಿ ಹಿಡಿದು ಬಗ್ಗಿಸುವುದೂ ಉಂಟು. ಹಾಗೆ ಮಾಡಿದರೆ ಕಾರ್ಖಾನೆಯಲ್ಲಿ ಉಕ್ಕಿಗೆ ಕೊಟ್ಟ ಹದವೇ ಹೋಗುತ್ತದೆ. ಬಾಗು ಚೆನ್ನಾಗಿ ಕಾಣುತ್ತದೆ, ನಾಲ್ಕು ಲೋಡಿಗೆ ಮತ್ತೆ ಕುಸಿಯುತ್ತದೆ.

ಪಿಕಪ್ಪಿನ ಹಿಂಭಾಗ ಎತ್ತಲು ದಾರಿಗಳು ಹಲವು, ಎಲ್ಲಕ್ಕೂ ಒಂದೇ ಮರ್ಯಾದೆ ಇಲ್ಲ. ಅಗ್ಗದ ದಾರಿ, ಹೌಸಿಂಗಿಗೂ ಪಟ್ಟಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಯು ಬೋಲ್ಟ್ ಬಿಗಿಯುವುದು. ಏರುವುದೇನೋ ಏರುತ್ತದೆ. ಆದರೆ ಪಟ್ಟಿ ಹೌಸಿಂಗಿನಿಂದ ದೂರವಾದಷ್ಟೂ ಜೋರಾಗಿ ಎಳೆಯುವಾಗ ಹೌಸಿಂಗು ತಿರುಚಿಕೊಳ್ಳಲು ನೋಡುತ್ತದೆ, ಪಟ್ಟಿ ಹಾವಿನ ಹಾಗೆ ಡೊಂಕಾಗುತ್ತದೆ. ಇನ್ನೊಂದು ದಾರಿ, ಪಟ್ಟಿಯ ತುದಿಯನ್ನು ಛಾಸಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಉದ್ದನೆಯದು ಹಾಕುವುದು. ಪಟ್ಟಿಯ ಒಂದೇ ತುದಿಯನ್ನು ಅದು ಇಳಿಸುವುದರಿಂದ ಗಾಡಿ ಒಂದಿಂಚು ಏಳಲು ಶ್ಯಾಕಲ್ ಎರಡಿಂಚು ಉದ್ದವಾಗಬೇಕು. ತಿರುವಿನಲ್ಲಿ ಅದು ಪಕ್ಕಕ್ಕೆ ಓಲಾಡುತ್ತದೆ. ಇರುವ ಸೆಟ್ಟಿಗೆ ಇನ್ನೊಂದು ಪ್ಲೇಟ್ ಸೇರಿಸುವುದು ಮೂರನೆಯದು. ಸದಾ ಭಾರ ಹೊರುವವರಿಗೆ ಅದು ಒಗ್ಗುತ್ತದೆ, ಖಾಲಿ ಓಡಿಸುವವರ ಬೆನ್ನಿಗಲ್ಲ. ಒಳ್ಳೆಯ ಕಿಟ್ಟಿನಲ್ಲಿ ಇಡೀ ಸೆಟ್ಟೇ ಹೊಸದು, ಅದಕ್ಕೆ ತಕ್ಕ ಉದ್ದದ ಶಾಕಬ್ಸರ್ ಜೊತೆಗೆ. ನನ್ನನ್ನು ಕೇಳಿದರೆ, ಅದಕ್ಕೆ ಕೈಯಲ್ಲಿ ದುಡ್ಡಿಲ್ಲದಿದ್ದರೆ ಎತ್ತಿಸದೆ ಇರುವುದೇ ವಾಸಿ.

ಪಟ್ಟಿ ಕೂರಿಸುವಾಗ ಎಲ್ಲ ಪ್ಲೇಟುಗಳನ್ನೂ ಪೋಣಿಸಿರುವ ಸೆಂಟರ್ ಬೋಲ್ಟಿನ ತಲೆ ಹೌಸಿಂಗ್ ಮೇಲಿನ ತೂತಿಗೆ ಸರಿಯಾಗಿ ಇಳಿಯಬೇಕು. ಅದು ಕೂತಿಲ್ಲವೆಂದರೆ ಹೌಸಿಂಗು ಅಡ್ಡಡ್ಡ, ಗಾಡಿ ಏಡಿಯಂತೆ ಓರೆ ಓಡುತ್ತದೆ. ಹಳೆಯ ಯು ಬೋಲ್ಟನ್ನು ಮತ್ತೆ ಬಳಸುವಂತಿಲ್ಲ. ಒಮ್ಮೆ ಬಿಗಿದಾಗಲೇ ಅದರ ದಾರ ಎಳೆದಿರುತ್ತದೆ.

ಮುಂಭಾಗದ ಕೆಲಸ ಬೇರೆಯೇ. ಇಲ್ಲಿ ಸುರುಳಿ ಸ್ಪ್ರಿಂಗಿನ ಒಳಗೇ ಶಾಕಬ್ಸರ್ ಕೂತಿದೆ. ಬೋಲ್ಟು ಕಳಚಿ ಜೋಡಿಯನ್ನು ಹೊರಗೆ ತೆಗೆದ ಮೇಲೂ ಸ್ಪ್ರಿಂಗು ಅಮುಕಿಕೊಂಡೇ ಇರುತ್ತದೆ, ಮೇಲಿನ ನಟ್ಟು ಮಾತ್ರ ಅದನ್ನು ಹಿಡಿದಿದೆ. ಸ್ಪ್ರಿಂಗ್ ಅಮುಕುವ ಕಂಪ್ರೆಸರಿನ ಕೊಕ್ಕೆಗಳನ್ನು ಎದುರುಬದುರು ಸಿಕ್ಕಿಸಿ ಎರಡೂ ಕಡೆ ಸಮನಾಗಿ ತಿರುಗಿಸುತ್ತ ಸ್ಪ್ರಿಂಗನ್ನು ಇನ್ನಷ್ಟು ಅಮುಕಿ, ಅದು ಬಟ್ಟಲಿನಿಂದ ಸಡಿಲವಾದದ್ದನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದ ಮೇಲೆಯೇ ಆ ನಟ್ಟಿಗೆ ಪಾನಾ ಹಾಕಬೇಕು. ಅದಕ್ಕೆ ಮೊದಲೇ ನಟ್ಟು ತೆಗೆದರೆ ಒಳಗಿನ ಶಕ್ತಿಯೆಲ್ಲ ಒಮ್ಮೆಗೇ ಹೊರಗೆ ಬರುತ್ತದೆ. ದವಡೆ ಮುರಿಯಲು ಅಷ್ಟು ಸಾಕು. ನಾನು ನೋಡಿದ ಗ್ಯಾರೇಜಿನಲ್ಲಿ ಈ ಹೊತ್ತಿಗೆ ರೇಡಿಯೊ ಆರಿಸುತ್ತಾರೆ, ಹುಡುಗರನ್ನು ಚಹಾಕ್ಕೆ ಕಳಿಸುತ್ತಾರೆ.

ಇದರ ಗೊಡವೆಯೇ ಬೇಡವೆನ್ನುವವರಿಗೆ ಸ್ಪೇಸರ್ ಇದೆ. ಜೋಡಿಯನ್ನು ಬಿಚ್ಚದೆ ಅದರ ನೆತ್ತಿಯ ಮೇಲೆ ಒಂದು ದಪ್ಪ ಬಳೆ ಇಟ್ಟು ಬಿಗಿಯುವುದು. ಇದರಲ್ಲೊಂದು ಲೆಕ್ಕ ತಪ್ಪುತ್ತದೆ. ಶಾಕಬ್ಸರಿನ ಬುಡ ನಿಂತಿರುವುದು ಕೆಳತೋಳಿನ ನಡುಭಾಗದ ಆಸುಪಾಸಿನಲ್ಲಿ, ಚಕ್ರ ಇರುವುದು ತೋಳಿನ ತುದಿಯಲ್ಲಿ. ಆದ್ದರಿಂದ ಮೇಲೆ ಒಂದಿಂಚು ಇಟ್ಟರೆ ಚಕ್ರದ ಹತ್ತಿರ ಸುಮಾರು ಎರಡಿಂಚು ವ್ಯತ್ಯಾಸ ಬರುತ್ತದೆ. ಎರಡಿಂಚು ಬೇಕೆಂದು ಎರಡಿಂಚಿನ ಬಳೆ ತಂದು ಹಾಕಿಕೊಂಡವರ ಗಾಡಿ ಮೂತಿ ಎತ್ತಿ ಆಕಾಶ ನೋಡುತ್ತ ನಿಲ್ಲುತ್ತದೆ. ಒಳಗೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಶಾಫ್ಟುಗಳು ಕಡಿದಾಗಿ ಇಳಿಬಿದ್ದು, ಅವುಗಳ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ತಿಕ್ಕಿ ಹರಿಯುತ್ತವೆ. ಗ್ರೀಸು ಹೊರಗೆ, ಕೆಸರು ಒಳಗೆ. ಇಂಥ ಗಾಡಿಗಳಿಗೆ ಎರಡಿಂಚು, ಅಂದರೆ 50 ಮಿಲಿಮೀಟರ್, ಒಂದು ಬಗೆಯ ಗಡಿರೇಖೆಯಾಗಿರುವುದು ಇದಕ್ಕೇ. ಅದನ್ನು ದಾಟುವವರು ಮೇಲ್ತೋಳನ್ನೂ ಬದಲಿಸಬೇಕು, ಮುಂದಿನ ಡಿಫರೆನ್ಷಿಯಲನ್ನು ಕೊಂಚ ಕೆಳಗಿಳಿಸಬೇಕು. ಎತ್ತಿಸಲೆಂದು ಬಂದು ಇಳಿಸಿಕೊಂಡು ಹೋಗುವ ವಿಚಿತ್ರವೂ ಇಲ್ಲಿ ನಡೆಯುತ್ತದೆ!

ಕಸುಬುದಾರನನ್ನು ಗುರುತಿಸಲು ಒಂದೇ ಜಾಗ ನೋಡಿದರೆ ಸಾಕು, ಬುಷ್ ಬಿಗಿಯುವ ಜಾಗ. ತೋಳು, ಪಟ್ಟಿಗಳ ತುದಿಯಲ್ಲೆಲ್ಲ ರಬ್ಬರ್ ಬುಷ್ ಇರುತ್ತದೆ. ಒಳಗಿನ ಉಕ್ಕಿನ ಕೊಳವೆಗೆ ರಬ್ಬರು ಅಂಟಿರುತ್ತದೆ; ಬೋಲ್ಟು ಬಿಗಿದಾಗ ಕೊಳವೆ ಛಾಸಿಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ತೋಳು ಆಡುವುದೆಲ್ಲ ರಬ್ಬರು ತಿರುಚಿಕೊಂಡಷ್ಟೇ. ಗಾಡಿ ಜಾಕಿಯ ಮೇಲಿದ್ದು ಚಕ್ರಗಳು ಜೋತಾಡುವಾಗಲೇ ಪೂರ್ತಿ ಬಿಗಿದುಬಿಟ್ಟರೆ, ನೆಲಕ್ಕಿಳಿಸಿದ ಕ್ಷಣದಿಂದ ಪ್ರತಿ ಬುಷ್ಷೂ ತಿರುಚಿಕೊಂಡೇ ನಿಲ್ಲುತ್ತದೆ. ನಿಂತ ಗಾಡಿಯಲ್ಲೂ ಅದಕ್ಕೆ ಬಿಡುವಿಲ್ಲ. ಕೆಲವೇ ತಿಂಗಳಲ್ಲಿ ಕಿರ್ ಕಿರ್ ಸದ್ದು, ಆಮೇಲೆ ಬಿರುಕು. ಬಲ್ಲವರು ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಚಕ್ರ ಹಾಕಿ, ಗಾಡಿ ಇಳಿಸಿ, ಬಂಪರಿನ ಮೇಲೆ ಇಬ್ಬರು ಹತ್ತಿ ಕುಣಿದು, ಅಂಗಳದಲ್ಲಿ ಹಿಂದೆ ಮುಂದೆ ಉರುಳಿಸಿ, ಅದು ತನ್ನ ಎತ್ತರಕ್ಕೆ ತಾನು ಕೂತ ಮೇಲೆ ಟಾರ್ಕ್ ರೆಂಚ್ ಹಿಡಿದು ಅಡಿಗೆ ನುಸುಳುತ್ತಾರೆ. ಬೆನ್ನಿಗೆ ಜಲ್ಲಿ ಚುಚ್ಚುವ, ತೋಳು ಮಡಚಲೂ ಜಾಗವಿಲ್ಲದ ಕೆಲಸ. ಬಿಲ್ಲಿನಲ್ಲಿ ಇದಕ್ಕೆ ಬೇರೆ ಸಾಲು ಇರುವುದಿಲ್ಲ.

ಇಷ್ಟಾದ ಮೇಲೆ ಎತ್ತರದ ಬಾಕಿ ತೀರಿಸುವ ಸರದಿ. ಬ್ರೇಕಿನ ರಬ್ಬರ್ ಪೈಪು, ಎಬಿಎಸ್ ವೈರು ಚಕ್ರ ಪೂರ್ತಿ ಜೋತುಬಿದ್ದಾಗ ಬಿಗಿಯಾಗಬಾರದು. ಹಿಂದಕ್ಕೆ ಹೋಗುವ ಉದ್ದ ಶಾಫ್ಟು ಎರಡು ತುಂಡಿನದಾಗಿದ್ದು ನಡುವೆ ಬೇರಿಂಗ್ ಇದ್ದರೆ, ಕೋನ ಬದಲಾಗಿ ಗಾಡಿ ನಿಂತಲ್ಲಿಂದ ಹೊರಡುವಾಗ ಅಡಿಯಿಂದ ನಡುಕ ಬರುತ್ತದೆ. ಬೇರಿಂಗಿನ ಬ್ರಾಕೆಟನ್ನು ತುಸು ಇಳಿಸಬೇಕು. ಎಲ್ಲಕ್ಕಿಂತ ಕಳ್ಳ ಸಮಸ್ಯೆ ಬ್ರೇಕಿನದು. ಎಷ್ಟೋ ಪಿಕಪ್ಪುಗಳಲ್ಲಿ ಛಾಸಿಯಿಂದ ಹಿಂದಿನ ಹೌಸಿಂಗಿಗೆ ಸಣ್ಣ ಸರಳೊಂದು ಕಟ್ಟಿದ ವಾಲ್ವ್ ಇರುತ್ತದೆ. ಲೋಡ್ ಬಿದ್ದು ಛಾಸಿ ಇಳಿದರೆ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿಯಾಗಿ ಛಾಸಿ ಎದ್ದರೆ ಕಡಿಮೆ ಬಿಡುತ್ತದೆ. ಎತ್ತಿಸಿದ ಗಾಡಿಯಲ್ಲಿ ಅಂತರ ಹೆಚ್ಚಿರುವುದರಿಂದ, ಮೂಟೆ ತುಂಬಿದ್ದರೂ ಖಾಲಿ ಗಾಡಿಯೆಂದೇ ವಾಲ್ವ್ ನಂಬುತ್ತದೆ. ಘಾಟಿ ಇಳಿಯುವಾಗ ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ. ಸರಳಿನ ಬ್ರಾಕೆಟ್ ಸರಿಪಡಿಸಿದರೆ ಮುಗಿಯಿತು. ಆದರೆ ಅದು ಅಲ್ಲಿದೆ ಎಂದು ಗೊತ್ತಿರಬೇಕಲ್ಲ.

ಕೊನೆಗೆ ವೀಲ್ ಅಲೈನ್‌ಮೆಂಟ್. ಮೂತಿ ಎದ್ದಾಗ ಚಕ್ರ ತಿರುಗುವ ಅಚ್ಚಿನ ಹಿಂದೊರಗು, ಅಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ. ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಅದರ ಬಲದಿಂದಲೇ. ಅದು ಸಾಲದಾದರೆ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಹೆಡ್‌ಲೈಟಿನ ಮುಖವನ್ನೂ ತಗ್ಗಿಸಬೇಕು. ಹೆಚ್ಚಿನವರು ತಗ್ಗಿಸುವುದಿಲ್ಲ, ಅದರ ಫಲ ಎದುರಿನಿಂದ ಬರುವವರ ಕಣ್ಣಿಗೆ.

ಮಗುಚುವ ಮಾತನ್ನು ಯಾರೂ ಇಷ್ಟಪಡುವುದಿಲ್ಲವಾದರೂ ಲೆಕ್ಕ ಸರಳವಿದೆ. ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಭಾರಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಗಾಡಿಯ ಸ್ಥಿರತೆ ಅಳೆಯಲು ಬಳಸುತ್ತದೆ. ಅಗಲ 157 ಸೆಂಟಿಮೀಟರ್, ಭಾರಕೇಂದ್ರ 70 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ 1.12. ಎತ್ತಿಸಿದ ಮೇಲೆ ಅದು 74ಕ್ಕೆ ಹೋದರೆ 1.06. ಸಂಖ್ಯೆ ಇಳಿದಷ್ಟೂ ಮಗುಚುವುದು ಸುಲಭ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಳೆಯ ವೇಗದಲ್ಲೇ ಸ್ಟೀರಿಂಗ್ ಎಳೆಯುವವರಿಗೆ ಈ ಪುಟ್ಟ ವ್ಯತ್ಯಾಸ ಗೊತ್ತಿರುವುದು ಒಳ್ಳೆಯದು.

ಕಾನೂನಿನ ಮುಖವೂ ಸೌಮ್ಯವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ಇಟ್ಟಿತು. ತೋಟದ ಬೇಲಿಯೊಳಗೆ ಯಾರೂ ಕೇಳುವವರಿಲ್ಲ. ಟಾರು ರಸ್ತೆಗೆ ಬಂದಾಗ, ಅದರಲ್ಲೂ ಅಪಘಾತವಾಗಿ ವಿಮೆಯ ಸರ್ವೇಯರ್ ಅಡಿಗೆ ಬಗ್ಗಿ ನೋಡಿದಾಗ, ಕಥೆಯೇ ಬೇರೆ.

ಕಿಟ್ಟಿನ ಪರಂಪರೆ ಬೆಳೆದದ್ದು ಇಂಥ ಕಾನೂನಿನ ನೆರಳಿನಲ್ಲಿ ಅಲ್ಲ, ಊರುಗಳ ನಡುವೆ ನೂರಾರು ಕಿಲೋಮೀಟರ್ ಮಣ್ಣುದಾರಿ ಇರುವ ಆಸ್ಟ್ರೇಲಿಯಾದಲ್ಲಿ. ಮೆಲ್ಬರ್ನಿನಲ್ಲಿ ಆಂಥೊನಿ ರೊನಾಲ್ಡ್ ಬ್ರೌನ್ 1975ರಲ್ಲಿ ಆರಂಭಿಸಿದ ಎಆರ್‌ಬಿ ಕಂಪನಿಯ ಹೆಸರು ಅವರದೇ ಮೂರು ಮೊದಲಕ್ಷರ. ಅದರ ಓಲ್ಡ್ ಮ್ಯಾನ್ ಇಮ್ಯು ಸ್ಪ್ರಿಂಗುಗಳ ಹೆಸರು ನಮ್ಮ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಅಲ್ಲಿನ ರೂಢಿಯಲ್ಲಿ ಎತ್ತರಕ್ಕಿಂತ ತೂಕದ ಮಾತು ಮೊದಲು. ಒಂದೇ ಪಿಕಪ್ಪಿಗೆ ಹಗುರ, ಮಧ್ಯಮ, ಭಾರೀ ಎಂದು ಬೇರೆಬೇರೆ ಸ್ಪ್ರಿಂಗುಗಳು. ಸಕಲೇಶಪುರದ ಮೇಸ್ತ್ರಿಯ ಮೊದಲ ಪ್ರಶ್ನೆಗೂ ಇದಕ್ಕೂ ನಂಟು ಕಲ್ಪಿಸಬೇಕಾಗಿಲ್ಲ. ಜೀಪುಗಳ ಮುರಿದ ಪಟ್ಟಿ ಬಿಚ್ಚಿಯೇ ಅವರು ಅದನ್ನು ಕಲಿತದ್ದು.

ಕೆಲಸ ಮುಗಿದು ಸಾವಿರ ಕಿಲೋಮೀಟರ್ ಓಡಿದ ಮೇಲೆ ಗಾಡಿ ಮತ್ತೆ ಬರಬೇಕು. ಹೊಸ ಪ್ಲೇಟುಗಳು ಒಂದರ ಮೇಲೊಂದು ಅಮರಿ, ಯು ಬೋಲ್ಟಿನ ಬಿಗಿ ತುಸು ಸಡಿಲವಾಗಿರುತ್ತದೆ. ಬನ್ನಿ ಎಂದರೆ ಬರುವವರು ಕಡಿಮೆ. ಹಿಂದೊಮ್ಮೆ ಈ ಮೇಸ್ತ್ರಿ ಬೆಳೆಗಾರರೊಬ್ಬರಿಗೆ, "ನಿಮ್ಮ ದಾರಿಗೆ ಲಿಫ್ಟ್ ಏನೂ ಬೇಡ ಸಾರ್, ಟೈರ್ ಒಂದು ಸೈಜ್ ದೊಡ್ಡದು ಹಾಕ್ಸಿ, ಸಾಕು" ಎಂದು ಹೇಳಿ ಕಳಿಸಿದರಂತೆ. ಅವರು ಬೇರೆ ಊರಿಗೆ ಹೋಗಿ ನಾಲ್ಕಿಂಚು ಎತ್ತಿಸಿಕೊಂಡು ಬಂದರು. ಈಗ ರಬ್ಬರ್ ಬೂಟು ಬದಲಿಸಲು ಇವರ ಹತ್ತಿರವೇ ಬರುತ್ತಾರೆ.