ಗುಳ್ಳೆ ಬಿಡದ ಟಾರ್ಪಿಡೊ

1942ರ ಫೆಬ್ರುವರಿ 27ರ ಸಂಜೆ ಜಾವಾ ಸಮುದ್ರದಲ್ಲಿ ಡಚ್ಚರ ‘ಕೊರ್ಟೆನಾರ್’ ಎಂಬ ಡಿಸ್ಟ್ರಾಯರ್ ಹಡಗು ಒಂದೇ ಏಟಿಗೆ ಮುರಿದು, ನೋಡನೋಡುತ್ತಿದ್ದಂತೆ ಮುಳುಗಿತು. ಜಪಾನಿನ ಹಡಗುಗಳೋ ಬಲು ದೂರದಲ್ಲಿದ್ದವು. ಅಷ್ಟು ದೂರದಿಂದ ಬರುವ ಟಾರ್ಪಿಡೊ ಲೋಕದಲ್ಲೇ ಇಲ್ಲವೆಂದು ನಂಬಿದ್ದ ಮಿತ್ರಪಡೆಯವರು, ಇದು ಹತ್ತಿರದಲ್ಲೆಲ್ಲೋ ಅಡಗಿರುವ ಜಲಾಂತರ್ಗಾಮಿಯ ಕೆಲಸ ಎಂದುಕೊಂಡರು.

ಯುದ್ಧ ನಡೆದದ್ದು ಎಣ್ಣೆಗಾಗಿ. ಹಿಂದಿನ ವರ್ಷ ಅಮೆರಿಕ ಜಪಾನಿಗೆ ತೈಲ ಮಾರುವುದನ್ನು ನಿಲ್ಲಿಸಿತ್ತು. ಡಚ್ಚರ ವಸಾಹತಾಗಿದ್ದ ಇಂದಿನ ಇಂಡೊನೇಷ್ಯಾದ ತರಕಾನ್, ಬಾಲಿಕ್‌ಪಾಪನ್, ಪಾಲೆಂಬಾಂಗ್‌ಗಳಲ್ಲಿ ಅದು ಹೇರಳವಾಗಿತ್ತು. ಒಂದೊಂದಾಗಿ ಅವು ಜಪಾನಿನ ಕೈಸೇರಿ, ಉಳಿದದ್ದು ಜಾವಾ. ಅದನ್ನು ಕಾಯಲು ಡಚ್ ಅಡ್ಮಿರಲ್ ಕಾರೆಲ್ ಡೋರ್ಮನ್‌ಗೆ ಸಿಕ್ಕಿದ್ದು ನಾಲ್ಕು ದೇಶಗಳ ಹಡಗುಗಳ ಕಲಬೆರಕೆ ಪಡೆ. ಒಟ್ಟಿಗೆ ತಾಲೀಮು ನಡೆಸಿದವರಲ್ಲ, ಸಂಕೇತಗಳೂ ಒಂದಲ್ಲ.

ಆ ಕಾಲದ ಟಾರ್ಪಿಡೊಗಳಲ್ಲಿ ಹೆಚ್ಚಿನವು ಒತ್ತಿ ತುಂಬಿದ ಗಾಳಿಯಲ್ಲಿ ಇಂಧನ ಉರಿಸಿ ಓಡುತ್ತಿದ್ದವು. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕ. ಅದು ಉರಿಯಲು ನೆರವಾಗುವುದಿಲ್ಲ, ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಮದುವೆ ದಿಬ್ಬಣದಲ್ಲಿ ಕೆಲಸಕ್ಕೆ ಬಾರದ, ಆದರೆ ಬಸ್ಸಿನ ಸೀಟೆಲ್ಲ ಹಿಡಿಯುವ ನೆಂಟರ ಹಾಗೆ. ಸಾಲದ್ದಕ್ಕೆ, ಹೊರಬಿದ್ದ ಸಾರಜನಕ ಗುಳ್ಳೆಗಳಾಗಿ ಮೇಲೆದ್ದು ಬಿಳಿ ಗೆರೆ ಎಳೆಯುತ್ತಿತ್ತು. ಗೆರೆ ಕಂಡ ಹಡಗು ದಿಕ್ಕು ತಿರುಗಿಸಿ ಪಾರಾಗುತ್ತಿತ್ತು.

ಸಾರಜನಕವನ್ನೇ ಬಿಟ್ಟು ಬರೀ ಆಮ್ಲಜನಕ ತುಂಬಿದರೆ? ಅಷ್ಟೇ ಜಾಗದಲ್ಲಿ ಹಲವು ಪಟ್ಟು ಇಂಧನ ಉರಿಸಬಹುದು. ಹೊರಬರುವುದು ಮುಖ್ಯವಾಗಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್. ಆವಿ ತಣಿದು ನೀರಾಗುತ್ತದೆ, ಡೈಆಕ್ಸೈಡ್ ಸಮುದ್ರದ ನೀರಿನಲ್ಲಿ ಕರಗುತ್ತದೆ. ಗೆರೆ ಬಹುತೇಕ ಮಾಯ. ಕಾಗದದ ಮೇಲೆ ಇದು ಸಲೀಸು. ಆದರೆ ಒತ್ತಡದಲ್ಲಿರುವ ಆಮ್ಲಜನಕಕ್ಕೆ ಕೊಳವೆಯೊಳಗೆ ಒಂದಿಷ್ಟು ಜಿಡ್ಡು ಸಿಕ್ಕರೂ ಸಾಕು, ಸಿಡಿಯುತ್ತದೆ. ಕಿಶಿಮೊಟೊ ಮತ್ತು ಅಸಾಕುಮಾ ಎಂಬ ಜಪಾನೀ ನೌಕಾಧಿಕಾರಿಗಳ ತಂಡ ಕೊಳವೆಗಳ ಚೂಪು ತಿರುವುಗಳನ್ನು ತೆಗೆಯಿತು, ಒಳಗೆಲ್ಲ ಜಿಡ್ಡು ಉಳಿಯದಂತೆ ತೊಳೆಯಿತು. ನನಗೆ ಎಲ್ಲಕ್ಕಿಂತ ಜಾಣತನ ಅನ್ನಿಸುವುದು ಇನ್ನೊಂದು: ಎಂಜಿನ್ ಮೊದಲು ಮಾಮೂಲಿ ಗಾಳಿಯಲ್ಲೇ ಹೊತ್ತಿಕೊಳ್ಳುತ್ತದೆ, ಉರಿ ಹದಕ್ಕೆ ಬಂದ ಮೇಲೆ ಆಮ್ಲಜನಕ ಮೆಲ್ಲಗೆ ಸೇರುತ್ತದೆ.

ಹೀಗೆ 1933ರ ಹೊತ್ತಿಗೆ ಸಿದ್ಧವಾದದ್ದು ಟೈಪ್ 93. ಉದ್ದ 9 ಮೀಟರ್, ತೂಕ ಸುಮಾರು 2.7 ಟನ್, ಸಿಡಿತಲೆ 490 ಕಿಲೊ. ವೇಗವಾಗಿ ಬಿಟ್ಟರೆ 20 ಕಿಲೊಮೀಟರಿಗೂ ಹೆಚ್ಚು, ನಿಧಾನಕ್ಕೆ ಬಿಟ್ಟರೆ 40 ಕಿಲೊಮೀಟರಿನಷ್ಟು ಓಡುತ್ತಿತ್ತು. ಅಮೆರಿಕದ ಹಡಗುಗಳ ಟಾರ್ಪಿಡೊ ಎಷ್ಟೇ ನಿಧಾನಕ್ಕೆ ಹೋದರೂ 14 ಕಿಲೊಮೀಟರಿಗೆ ಸುಸ್ತು.

ಹಾಗಂತ ಇದು ಮಂತ್ರದಂಡವೇನಲ್ಲ. ಜಾವಾ ಸಮುದ್ರದಲ್ಲಿ ಅಂದು ಕತ್ತಲಾಗುವ ಮುನ್ನ ಜಪಾನೀಯರು ಬಿಟ್ಟ ಹತ್ತಾರು ಟಾರ್ಪಿಡೊಗಳಲ್ಲಿ ಗುರಿ ಮುಟ್ಟಿದ್ದು ಕೊರ್ಟೆನಾರ್‌ಗೆ ಬಡಿದ ಒಂದೇ. ಕೆಲವು ದಾರಿಯಲ್ಲೇ ಸಿಡಿದವು. ಕತ್ತಲಾದ ಮೇಲೆ ಕತೆ ಬದಲಾಯಿತು. ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಜಪಾನಿನ ‘ನಾಚಿ’ ಮತ್ತು ‘ಹಗುರೊ’ ಹಡಗುಗಳು ಬಿಟ್ಟ 12 ಟಾರ್ಪಿಡೊಗಳು ಡಚ್ಚರ ‘ಡೆ ರೂಯ್ಟರ್’, ‘ಜಾವಾ’ ಎರಡೂ ಕ್ರೂಸರ್‌ಗಳನ್ನು ಕೆಲವೇ ನಿಮಿಷಗಳ ಅಂತರದಲ್ಲಿ ಹೊಡೆದುರುಳಿಸಿದವು. ಡೋರ್ಮನ್ ಕೂಡ ಅಲ್ಲೇ ಸತ್ತ.

ಮರುರಾತ್ರಿ ಸುಂದಾ ಜಲಸಂಧಿ. ಅಮೆರಿಕದ ‘ಹ್ಯೂಸ್ಟನ್’, ಆಸ್ಟ್ರೇಲಿಯಾದ ‘ಪರ್ತ್’ ತಪ್ಪಿಸಿಕೊಂಡು ಹೋಗುವಾಗ ಜಪಾನೀ ಸೇನೆ ಇಳಿಯುತ್ತಿದ್ದ ಜಾಗಕ್ಕೇ ಬಂದು ಸಿಕ್ಕಿಬಿದ್ದವು. ಎರಡೂ ಮುಳುಗಿದವು. ಆದರೆ ಜಪಾನಿನ ‘ಮೊಗಾಮಿ’ ಕ್ರೂಸರ್ ಬಿಟ್ಟ ಟಾರ್ಪಿಡೊಗಳು ಗುರಿ ತಪ್ಪಿದ ಮೇಲೂ ಓಡುತ್ತಲೇ ಇದ್ದು, ಆಚೆ ಲಂಗರು ಹಾಕಿದ್ದ ಸ್ವಂತ ಸೇನೆಯ ಸಾಗಣೆ ಹಡಗುಗಳಿಗೇ ಬಡಿದವು. ಜಾವಾ ಗೆಲ್ಲಲು ಬಂದ ಜನರಲ್ ಇಮಾಮುರಾ ನೀರಿಗೆ ಬಿದ್ದು, ತೇಲುತ್ತ ಬದುಕಿಕೊಂಡ.

ಜೂನ್‌ನಲ್ಲಿ ಮಿಡ್‌ವೇ ಯುದ್ಧದಲ್ಲಿ ಇದೇ ಮೊಗಾಮಿ, ಸುಂದಾದಲ್ಲಿ ಜೊತೆಗಿದ್ದ ‘ಮಿಕುಮಾ’ ಹಡಗಿಗೆ ಡಿಕ್ಕಿ ಹೊಡೆಯಿತು. ಕುಂಟುತ್ತ ಹೊರಟಿದ್ದ ಎರಡರ ಮೇಲೂ ಅಮೆರಿಕದ ಬಾಂಬುಗಳು ಬಿದ್ದವು. ಮಿಕುಮಾ ಹೊತ್ತಿದ್ದ ಆಮ್ಲಜನಕ ಟಾರ್ಪಿಡೊಗಳು ಬೆಂಕಿಗೆ ಸಿಡಿದು ಹಡಗೇ ಮುಳುಗಿತು. ಮೊಗಾಮಿಯ ಅಧಿಕಾರಿ ಅವುಗಳನ್ನು ಮೊದಲೇ ಸಮುದ್ರಕ್ಕೆ ಎಸೆಸಿದ್ದ. ಆ ಹಡಗು ಉಳಿಯಿತು.