ಮೈದಾನದ ಮಾಸ್ತರರು

ಲಕ್ಷ್ಮೇಶ್ವರ, ಗದಗ ಸೀಮೆಯಲ್ಲಿ ಗರಡಿಮನೆಯ ಪರಂಪರೆ ಹಳೆಯದು. ಕುಸ್ತಿಯಲ್ಲಿ ಗೆದ್ದ ಪೈಲ್ವಾನನನ್ನು ಜನರು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಅವನಿಗೆ ಪಟ್ಟುಗಳನ್ನು ಕಲಿಸಿದ ವಸ್ತಾದರು ಕಣದ ಅಂಚಿನಲ್ಲಿಯೇ ನಿಂತಿರುತ್ತಾರೆ. ಕಾಲ್ಚೆಂಡಿನ ಆಟದಲ್ಲಿ ವಸ್ತಾದರ ಈ ಸ್ಥಾನ ತರಬೇತುದಾರರದು. ಭಾರತದ ಕಾಲ್ಚೆಂಡಿಗೆ ಅಂತಹ ಗುರುವಾಗಿ ದೊರೆತವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಅವರು ಶಾಲಾ ಮಾಸ್ತರರು.

ಮುಂಡರಗಿಯ ಆಚೆಗಿರುವ ಕೊಪ್ಪಳ ಸೀಮೆಯು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ರಾಜಧಾನಿಯಲ್ಲಿ ರಹೀಂ ಅವರು 1909ರಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ತಂಡದಲ್ಲಿ ಆಡಿದರು. ಪದವೀಧರರಾದ ಬಳಿಕ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. 1943ರಲ್ಲಿ ಹೈದರಾಬಾದ್ ಕಾಲ್ಚೆಂಡು ಸಂಸ್ಥೆಯ ಕಾರ್ಯದರ್ಶಿಯಾದರು. ಮುಂದೆ ಅವರಿಂದ ತರಬೇತಿ ಪಡೆದ ಹೈದರಾಬಾದ್ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ಪನ್ನು ಗೆದ್ದಿತು.

ರಹೀಂ ಅವರ ಬೋಧನಾಕ್ರಮ ವಿಶಿಷ್ಟವಾದುದು. ಚೆಂಡನ್ನು ತನ್ನಲ್ಲಿಯೇ ಇಟ್ಟುಕೊಂಡು ಮುನ್ನುಗ್ಗುವುದನ್ನು ನಿಷೇಧಿಸಿದ ಪಂದ್ಯಾವಳಿಗಳನ್ನು ಅವರು ಏರ್ಪಡಿಸುತ್ತಿದ್ದರು. ಆಗ ಪ್ರತಿಯೊಬ್ಬ ಆಟಗಾರನೂ ಜೊತೆಗಾರನನ್ನು ನೋಡಿ ಚೆಂಡನ್ನು ದಾಟಿಸಲೇಬೇಕಾಗುತ್ತಿತ್ತು. ಪಳಗದ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕೆಂಬ ಪಂದ್ಯಗಳೂ ಇದ್ದವು. ಆಟಗಾರನ ಕೊರತೆಯನ್ನು ಬೈದು ತಿದ್ದುವುದಕ್ಕಿಂತ ಆಟದ ನಿಯಮದಿಂದಲೇ ತಿದ್ದುವುದು ಈ ಕ್ರಮದ ತಿರುಳು.

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡವು ಇರಾನನ್ನು ಸೋಲಿಸಿ ಸ್ವರ್ಣಪದಕ ಪಡೆಯಿತು. ಆದರೆ ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು 10-1 ಗೋಲುಗಳ ದಾರುಣ ಸೋಲುಂಟಾಯಿತು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಅಂದು ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಈ ಸೋಲಿನ ಅನಂತರ ಬೂಟುಗಳನ್ನು ಧರಿಸುವುದು ಕಡ್ಡಾಯವಾಯಿತು. ರಹೀಂ ಅವರು ಎದೆಗುಂದಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡವು ಆಸ್ಟ್ರೇಲಿಯವನ್ನು 4-2 ಗೋಲುಗಳಿಂದ ಸೋಲಿಸಿ, ಕೊನೆಗೆ ನಾಲ್ಕನೆಯ ಸ್ಥಾನಕ್ಕೇರಿತು.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ವೇಳೆಗೆ ಅವರು ಕ್ಯಾನ್ಸರ್ ರೋಗಕ್ಕೆ ತುತ್ತಾಗಿದ್ದರು. ಮೊದಲ ಪಂದ್ಯದಲ್ಲಿಯೇ ಭಾರತವು ದಕ್ಷಿಣ ಕೊರಿಯಕ್ಕೆ ಸೋತಿತು. ಅನಂತರ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದಿತು. ರಹೀಂ ಅವರು ಅವರನ್ನು ಮುಂಚೂಣಿಯಲ್ಲಿ ಆಡಿಸಿದರು. ಅಂತಿಮ ಪಂದ್ಯದಲ್ಲಿ ಮತ್ತೆ ದಕ್ಷಿಣ ಕೊರಿಯವೇ ಎದುರಾಯಿತು. ಪಿ. ಕೆ. ಬ್ಯಾನರ್ಜಿ ಅವರು ಒಂದು ಗೋಲನ್ನೂ ಜರ್ನೈಲ್ ಸಿಂಗ್ ಅವರು ಇನ್ನೊಂದನ್ನೂ ಹೊಡೆದರು. ಭಾರತವು 2-1 ಗೋಲುಗಳಿಂದ ಜಯಶಾಲಿಯಾಯಿತು. ಒಂದು ವರ್ಷ ತುಂಬುವ ಮೊದಲೇ, 1963ರ ಜೂನ್ ತಿಂಗಳಲ್ಲಿ, ರಹೀಂ ಅವರು ಕಣ್ಮುಚ್ಚಿದರು.

ಆ ಬಳಿಕ ಏಷ್ಯನ್ ಕ್ರೀಡಾಕೂಟದ ಪುರುಷರ ಕಾಲ್ಚೆಂಡಿನಲ್ಲಿ ಭಾರತಕ್ಕೆ ದೊರೆತ ಪದಕ 1970ರ ಕಂಚು ಒಂದೇ. ಇದಕ್ಕೆ ಕಾರಣಗಳು ಹಲವು. ಆದರೆ ಒಂದು ಮಾತು ಸ್ಪಷ್ಟ: ಒಬ್ಬ ಗುರುವಿನ ಸಾಧನೆಯು ಅವನೊಂದಿಗೇ ಮುಗಿಯಬಾರದಾದರೆ ಅವನಂತೆ ಕಲಿಸಬಲ್ಲವರು ಶಾಲೆಶಾಲೆಗಳ ಮೈದಾನದಲ್ಲಿ ಬೆಳೆಯಬೇಕು. ಗೆದ್ದ ಆಟಗಾರನನ್ನು ಮೆರೆಸುವ ನಾಡು ಅವನನ್ನು ರೂಪಿಸಿದವರನ್ನೂ ನೆನೆಯಬೇಕು.